ಫೈಲ್ ತೆರೆಯುವುದು ಶೆಲ್, ಪ್ರೋಗ್ರಾಂ ಅಲ್ಲ: ಔಟ್‌ಪುಟ್ ರೀಡೈರೆಕ್ಷನ್ ಒಳಗಿನಿಂದ

ಟರ್ಮಿನಲ್‌ನಲ್ಲಿ ಒಂದು ಕಮಾಂಡ್ ಓಡಿಸಿದಿರಿ. ನೂರಾರು ಸಾಲುಗಳು ಸರಸರನೆ ಮೇಲೆ ಹೋದವು. ನಡುವೆ ಎಲ್ಲೋ ಒಂದು ಎರರ್ ಕಂಡ ಹಾಗಾಯಿತು. ಈಗ ಮೇಲಕ್ಕೆ ಸ್ಕ್ರೋಲ್ ಮಾಡುತ್ತಾ ಹುಡುಕಿದರೆ ಆ ಸಾಲು ಸಿಗುತ್ತಿಲ್ಲ, ಏಕೆಂದರೆ ಟರ್ಮಿನಲ್ ಹಳೆಯ ಸಾಲುಗಳನ್ನು ಒಂದು ಮಿತಿಯವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ, ಆಮೇಲೆ ಎಸೆದುಬಿಡುತ್ತದೆ. ಇದು ಎಲ್ಲರಿಗೂ ಆಗಿರುವುದೇ, ಅಲ್ವಾ? ಇದಕ್ಕೆ ಪರಿಹಾರ ಒಂದೇ ಒಂದು ಚಿಹ್ನೆ: >

ಕಮಾಂಡ್ ಬರೆದು, ಈ ಬಾಣ ಹಾಕಿ, ಮುಂದೆ ಒಂದು ಫೈಲ್ ಹೆಸರು ಕೊಟ್ಟರೆ ಪರದೆಗೆ ಬರಬೇಕಾದದ್ದು ಫೈಲಿಗೆ ಹೋಗುತ್ತದೆ. ಇದೇ ಔಟ್‌ಪುಟ್ ರೀಡೈರೆಕ್ಷನ್. ಇಷ್ಟನ್ನು ಕಲಿಯಲು ಎರಡು ನಿಮಿಷ ಸಾಕು. ಆದರೆ ಇಷ್ಟೇ ಕಲಿತು ನಿಲ್ಲಿಸಿದವರು ಒಂದಲ್ಲ ಒಂದು ದಿನ ಫೈಲ್ ಕಳೆದುಕೊಳ್ಳುತ್ತಾರೆ, ಅಥವಾ ಎರರ್ ಎಲ್ಲಿ ಹೋಯಿತು ಎಂದು ಅರ್ಧ ದಿನ ಹುಡುಕುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಆಮೇಲೆ ತಿಳಿದದ್ದು ಇಷ್ಟು: ಈ ವಿಷಯದಲ್ಲಿ ಗೊಂದಲ ಹುಟ್ಟಿಸುವ ಹತ್ತಾರು ಸಂಗತಿಗಳ ಹಿಂದೆ ಹೆಚ್ಚೂಕಡಿಮೆ ಒಂದೇ ಕಾರಣ ಇದೆ. ಅದನ್ನು ಹಿಡಿದುಕೊಂಡರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಒಂದು ಸಣ್ಣ ಸೂಚನೆ. ಇಲ್ಲಿ ಕಮಾಂಡ್‌ಗಳ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿ. ಚಿಹ್ನೆಗಳು, ಅಂಕಿಗಳು ಮಾತ್ರ ಇಲ್ಲಿ ಹೇಗಿವೆಯೋ ಹಾಗೆಯೇ. ಫೈಲ್ ಹೆಸರನ್ನು ಕನ್ನಡದಲ್ಲೇ ಕೊಟ್ಟರೂ ಈಗಿನ ಲಿನಕ್ಸ್, ಮ್ಯಾಕ್‌ಗಳಲ್ಲಿ ತೊಂದರೆ ಇಲ್ಲ.

ಈಗ ಇದನ್ನು ನಿಜವಾಗಿ ಮಾಡಿ ನೋಡಿ. ಒಂದು ಖಾಲಿ ಡೈರೆಕ್ಟರಿಗೆ ಹೋಗಿ, ಹೀಗೆ ಕೊಡಿ:

ಎಲ್ಎಸ್ > ಪಟ್ಟಿ

ಎಲ್ಎಸ್ ಅಂದರೆ ಡೈರೆಕ್ಟರಿಯಲ್ಲಿ ಏನೇನಿದೆ ಎಂದು ತೋರಿಸುವ ಕಮಾಂಡ್. ಡೈರೆಕ್ಟರಿ ಖಾಲಿ ಇತ್ತು. ಹಾಗಾಗಿ ಪಟ್ಟಿ ಎಂಬ ಫೈಲೂ ಖಾಲಿ ಇರಬೇಕು. ಆದರೆ ಕ್ಯಾಟ್ ಪಟ್ಟಿ ಎಂದು ತೆರೆದು ನೋಡಿದರೆ ಅದರೊಳಗೆ ಒಂದು ಸಾಲು ಇರುತ್ತದೆ: ಪಟ್ಟಿ. ಅಂದರೆ ಎಲ್ಎಸ್ ಡೈರೆಕ್ಟರಿಯನ್ನು ನೋಡುವ ಹೊತ್ತಿಗೆ ಆ ಫೈಲ್ ಆಗಲೇ ಹುಟ್ಟಿತ್ತು. ಅದನ್ನು ಹುಟ್ಟಿಸಿದ್ದು ಎಲ್ಎಸ್ ಅಲ್ಲ, ಶೆಲ್, ಅಂದರೆ ನೀವು ಟೈಪ್ ಮಾಡಿದ ಸಾಲನ್ನು ಓದಿ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ. ಎಲ್ಎಸ್ ಶುರುವಾಗುವ ಮೊದಲೇ.

ನನಗೆ ಈ ಪುಟ್ಟ ಪ್ರಯೋಗ ತುಂಬಾ ಇಷ್ಟ. ಇಡೀ ವಿಷಯ ಇದರೊಳಗೇ ಇದೆ.

ಇನ್ನೂ ಒಂದು ಪ್ರಯೋಗ ಬೇಕೆಂದರೆ, ಇಲ್ಲದೇ ಇರುವ ಒಂದು ಕಮಾಂಡ್ ಹೆಸರು ಸುಮ್ನೆ ಏನಾದರೂ ಟೈಪ್ ಮಾಡಿ, ಮುಂದೆ ಬಾಣ ಹಾಕಿ, ಒಂದು ಫೈಲ್ ಹೆಸರು ಕೊಡಿ. ಅಂಥ ಕಮಾಂಡ್ ಇಲ್ಲ ಎಂದು ಶೆಲ್ ಹೇಳುತ್ತದೆ. ಆದರೂ ಆ ಹೆಸರಿನ ಖಾಲಿ ಫೈಲ್ ಹುಟ್ಟಿರುತ್ತದೆ.

ಒಳಗೆ ನಡೆಯುವುದು ಹೀಗೆ. ಯೂನಿಕ್ಸ್ ಥರದ ಸಿಸ್ಟಂಗಳಲ್ಲಿ (ಲಿನಕ್ಸ್, ಮ್ಯಾಕ್ ಎರಡೂ ಅಂಥವೇ) ಪ್ರತಿ ಪ್ರೋಗ್ರಾಂಗೂ ಶುರುವಿನಲ್ಲೇ ಮೂರು ದಾರಿಗಳು ತೆರೆದಿರುತ್ತವೆ. ಅವಕ್ಕೆ ಹೆಸರಿಗಿಂತ ಮುಖ್ಯವಾಗಿ ನಂಬರ್ ಇದೆ. 0 ಅಂದರೆ ಒಳಗೆ ಬರುವ ದಾರಿ, ಸಾಮಾನ್ಯವಾಗಿ ಕೀಬೋರ್ಡ್. 1 ಅಂದರೆ ಹೊರಗೆ ಹೋಗುವ ದಾರಿ, ಸ್ಟ್ಯಾಂಡರ್ಡ್ ಔಟ್‌ಪುಟ್. 2 ಅಂದರೆ ಎರರ್ ಹೋಗುವ ದಾರಿ, ಸ್ಟ್ಯಾಂಡರ್ಡ್ ಎರರ್. ಈ ನಂಬರ್‌ಗಳಿಗೆ ಫೈಲ್ ಡಿಸ್ಕ್ರಿಪ್ಟರ್ ಎನ್ನುತ್ತಾರೆ. ಪ್ರೋಗ್ರಾಂ ಬರೆದವರು ಪರದೆಗೆ ಬರೆ ಎಂದು ಹೇಳಿರುವುದಿಲ್ಲ, 1ಕ್ಕೆ ಬರೆ ಎಂದಷ್ಟೇ ಹೇಳಿರುತ್ತಾರೆ. ಆ 1 ಎಲ್ಲಿಗೆ ಜೋಡಿಸಿಕೊಂಡಿದೆ ಎಂಬುದು ಪ್ರೋಗ್ರಾಂನ ತಲೆನೋವಲ್ಲ.

ನೀವು ಎಂಟರ್ ಒತ್ತಿದ ಕೂಡಲೇ ಶೆಲ್ ನಿಮ್ಮ ಸಾಲನ್ನು ಓದುತ್ತದೆ. ಬಾಣವನ್ನೂ ಫೈಲ್ ಹೆಸರನ್ನೂ ಪಕ್ಕಕ್ಕೆ ತೆಗೆದಿಟ್ಟುಕೊಳ್ಳುತ್ತದೆ. ತನ್ನದೇ ಒಂದು ನಕಲು ಪ್ರಕ್ರಿಯೆ ಶುರು ಮಾಡಿ, ಅದರಲ್ಲಿ ಆ ಫೈಲನ್ನು ತೆರೆದು, 1ನೇ ನಂಬರನ್ನು ಪರದೆಯಿಂದ ಬಿಡಿಸಿ ಫೈಲಿಗೆ ಜೋಡಿಸುತ್ತದೆ. ಇಷ್ಟಾದ ಮೇಲೆ ಅಲ್ಲಿ ನಿಜವಾದ ಪ್ರೋಗ್ರಾಂ ಬಂದು ಕೂರುತ್ತದೆ. ಬಾಣ, ಫೈಲ್ ಹೆಸರು ಎರಡೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಈ ಉಪಾಯ ನೀವು ಇವತ್ತು ಬರೆದ ನಾಲ್ಕು ಸಾಲಿನ ಪ್ರೋಗ್ರಾಂಗೂ ಕೆಲಸ ಮಾಡುತ್ತದೆ, ಐವತ್ತು ವರ್ಷ ಹಳೆಯ ಪ್ರೋಗ್ರಾಂಗೂ ಕೆಲಸ ಮಾಡುತ್ತದೆ.

ಐವತ್ತು ವರ್ಷ ಎಂದು ಸುಮ್ಮನೆ ಹೇಳಲಿಲ್ಲ. 1971ರ ಮೊದಲ ಯೂನಿಕ್ಸ್‌ನಲ್ಲೇ, ಕೆನ್ ಥಾಂಪ್ಸನ್ ಬರೆದ ಶೆಲ್‌ನಲ್ಲಿ, ಈ > ಇತ್ತು. ಔಟ್‌ಪುಟ್ಟನ್ನು ಬೇರೆ ಕಡೆ ತಿರುಗಿಸುವ ಯೋಚನೆ ಅದಕ್ಕೂ ಹಿಂದಿನ ಮಲ್ಟಿಕ್ಸ್ ಎಂಬ ಸಿಸ್ಟಂನಲ್ಲೂ ಇತ್ತು. ಆದರೆ ಅಲ್ಲಿ ಮೊದಲು ಔಟ್‌ಪುಟ್ಟನ್ನು ಫೈಲಿಗೆ ಜೋಡಿಸಲು ಒಂದು ಕಮಾಂಡ್, ಆಮೇಲೆ ನಿಮ್ಮ ಕೆಲಸದ ಕಮಾಂಡ್, ಆಮೇಲೆ ಅದನ್ನು ವಾಪಸ್ ಟರ್ಮಿನಲ್‌ಗೆ ಜೋಡಿಸಲು ಇನ್ನೊಂದು ಕಮಾಂಡ್ ಕೊಡಬೇಕಾಗಿತ್ತು. ಈ ಮೂರು ಕೆಲಸವನ್ನು ಒಂದೇ ಚಿಹ್ನೆಗೆ ಇಳಿಸಿದ್ದು ಯೂನಿಕ್ಸ್‌ನವರ ದೊಡ್ಡ ಉಪಕಾರ ಎಂದು ನಾನು ನಂಬಿದ್ದೇನೆ.

ಈಗ ಫೈಲ್ ಕಳೆದುಕೊಂಡ ಕಥೆಗೆ ಬರೋಣ. ನನ್ನ ಹತ್ತಿರ ಒಂದು ಫೈಲಿನಲ್ಲಿ ಹೆಸರುಗಳು ಇದ್ದವು. ಬಹಳ ದಿನ ಕೂತು ಒಟ್ಟು ಮಾಡಿದ್ದು. ಅವನ್ನು ಅಕ್ಷರಕ್ರಮಕ್ಕೆ ತರೋಣ ಎಂದು ಹೀಗೆ ಕೊಟ್ಟೆ:

ಸಾರ್ಟ್ ಹೆಸರುಗಳು > ಹೆಸರುಗಳು

ಓದಲು ಎಷ್ಟು ಸಹಜವಾಗಿದೆ ನೋಡಿ. ಹೆಸರುಗಳನ್ನು ಸಾರ್ಟ್ ಮಾಡಿ ಹೆಸರುಗಳಿಗೇ ಹಾಕು. ಎಂಟರ್ ಒತ್ತಿದೆ. ಫೈಲ್ ಖಾಲಿ.

ಏಕೆ ಎಂದು ಈಗ ನಿಮಗೇ ಗೊತ್ತಾಗಿರಬೇಕು. ಒಂದೇ ಬಾಣ ಹಾಕಿದಾಗ ಶೆಲ್ ಆ ಫೈಲನ್ನು ತೆರೆಯುವುದಷ್ಟೇ ಅಲ್ಲ, ಅದರಲ್ಲಿ ಮೊದಲು ಏನಿತ್ತೋ ಅದನ್ನೆಲ್ಲ ಅಳಿಸಿ ಸೊನ್ನೆ ಬೈಟ್‌ಗೆ ಇಳಿಸುತ್ತದೆ. ಇದು ಸಾರ್ಟ್ ಶುರುವಾಗುವ ಮೊದಲೇ ಆಗಿಹೋಯಿತು. ಸಾರ್ಟ್ ಬಂದು ನೋಡಿದಾಗ ಓದಲು ಏನೂ ಉಳಿದಿರಲಿಲ್ಲ. ಖಾಲಿಯನ್ನು ಸಾರ್ಟ್ ಮಾಡಿ ಖಾಲಿಯನ್ನೇ ಕೊಟ್ಟಿತು. ಅದರದ್ದೇನೂ ತಪ್ಪಿಲ್ಲ.

ಸಾರ್ಟ್‌ಗೆ ಮಾತ್ರ ಇದಕ್ಕೊಂದು ದಾರಿ ಇದೆ. ಸಾರ್ಟ್ -ಓ ಹೆಸರುಗಳು ಹೆಸರುಗಳು ಎಂದು ಕೊಟ್ಟರೆ ಫೈಲ್ ತೆರೆಯುವ ಕೆಲಸ ಸಾರ್ಟ್‌ಗೇ ಸೇರುತ್ತದೆ, ಅದು ಎಲ್ಲವನ್ನೂ ಓದಿ ಮುಗಿಸಿದ ಮೇಲಷ್ಟೇ ಬರೆಯಲು ಶುರು ಮಾಡುತ್ತದೆ. ಬೇರೆ ಕಮಾಂಡ್‌ಗಳಿಗೆ ಸುರಕ್ಷಿತ ದಾರಿ ಅಂದರೆ ಬೇರೆ ಹೆಸರಿನ ಫೈಲಿಗೆ ಬರೆದು, ಸರಿ ಇದೆಯೇ ಎಂದು ನೋಡಿ, ಆಮೇಲೆ ಹೆಸರು ಬದಲಾಯಿಸುವುದು. ಎರಡು ಹೆಜ್ಜೆ ಜಾಸ್ತಿ, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಹಳೆಯದನ್ನು ಉಳಿಸಿ ಕೊನೆಗೆ ಸೇರಿಸಬೇಕಾದರೆ ಎರಡು ಬಾಣ: >>. ಫೈಲ್ ಇಲ್ಲದಿದ್ದರೆ ಇದೂ ಹೊಸದನ್ನು ಹುಟ್ಟಿಸುತ್ತದೆ. ಒಂದು ಬಾಣಕ್ಕೂ ಎರಡು ಬಾಣಕ್ಕೂ ಬೆರಳಿನ ದೂರ ಬಹಳ ಕಮ್ಮಿ, ಪರಿಣಾಮದ ದೂರ ಬಹಳ ಜಾಸ್ತಿ. ಅದಕ್ಕೆ ಶೆಲ್‌ನಲ್ಲೇ ಒಂದು ಕಾವಲು ಇದೆ. ಸೆಟ್ -ಓ ನೋಕ್ಲಾಬರ್ ಎಂದು ಕೊಟ್ಟರೆ, ಇರುವ ಫೈಲಿನ ಮೇಲೆ ಒಂದೇ ಬಾಣದಿಂದ ಬರೆಯಲು ಹೋದಾಗ ಶೆಲ್ ಒಪ್ಪುವುದಿಲ್ಲ. ಬೇಕೆಂದೇ ಅಳಿಸಿ ಬರೆಯಬೇಕಾದರೆ >| ಎಂದು ಹಾಕಬೇಕು. ಹೊಸದಾಗಿ ಕಲಿಯುವವರು ಇದನ್ನು ತಮ್ಮ ಶೆಲ್‌ನ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಟ್ಟುಕೊಳ್ಳಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದೇನೂ ಕಲಿಯುವವರಿಗೆ ಮಾತ್ರ ಅಲ್ಲ, ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇನ್ನು ಎರರ್ ವಿಷಯ. ಇದೇ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವ ಜಾಗ.

ಕಮಾಂಡ್ > ಫೈಲ್ ಎಂದು ಕೊಟ್ಟರೂ ಎರರ್ ಸಾಲುಗಳು ಪರದೆಗೇ ಬರುತ್ತವೆ. ಬಾಣ ಕೆಲಸ ಮಾಡಲಿಲ್ಲ ಎಂದು ಅನಿಸುತ್ತದೆ. ಆದರೆ ಬಾಣ ತಿರುಗಿಸಿದ್ದು 1ನ್ನು ಮಾತ್ರ. ಎರರ್ ಹೋಗುವುದು 2ರಿಂದ. 2 ಇನ್ನೂ ಪರದೆಗೇ ಜೋಡಿಸಿಕೊಂಡಿದೆ.

ಎರಡೂ ಹೊರಗೆ ಹೋಗುವ ದಾರಿಗಳೇ, ಹಾಗಾದರೆ ಬೇರೆ ಬೇರೆ ಏಕೆ? ಶುರುವಿನಲ್ಲಿ ಬೇರೆ ಇರಲಿಲ್ಲ. ಯೂನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಒಂದು ಫೋಟೋಟೈಪ್‌ಸೆಟ್ಟರ್ ಇತ್ತು. ಅಕ್ಷರಗಳನ್ನು ಫೋಟೋ ಕಾಗದದ ಮೇಲೆ ಮೂಡಿಸುವ ಯಂತ್ರ. ಪುಟ ಜೋಡಿಸುವ ಪ್ರೋಗ್ರಾಂನ ಔಟ್‌ಪುಟ್ ಅದಕ್ಕೆ ಹೋಗುತ್ತಿತ್ತು. ಪ್ರೋಗ್ರಾಂಗೆ ಏನಾದರೂ ತೊಂದರೆಯಾದರೆ ಎರರ್ ಸಂದೇಶವೂ ಅದೇ ದಾರಿಯಲ್ಲಿ ಹೋಗಿ, ಯಂತ್ರದ ಕಾಗದದ ಮೇಲೆ ಅಂದವಾಗಿ ಅಚ್ಚಾಗಿ ಬರುತ್ತಿತ್ತು. ದುಬಾರಿ ಕಾಗದ ಹಾಳು. ಅದರ ಜೊತೆಗೆ ಪೈಪ್ ಬೇರೆ ಬಂದಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ಡಗ್ ಮ್ಯಾಕಿಲ್ರಾಯ್ ಬಹಳ ದಿನದಿಂದ ಕೇಳುತ್ತಿದ್ದ ಪೈಪ್ 1973ರಲ್ಲಿ ಯೂನಿಕ್ಸ್‌ಗೆ ಸೇರಿತು. ಒಂದು ಪ್ರೋಗ್ರಾಂನ ಔಟ್‌ಪುಟ್ ನೇರ ಇನ್ನೊಂದರ ಇನ್‌ಪುಟ್ ಆದಾಗ, ಎರರ್ ಕೂಡ ಅದರೊಳಗೇ ಹರಿದುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಮುಂದಿನ ಪ್ರೋಗ್ರಾಂ ಅದನ್ನೂ ಡೇಟಾ ಎಂದುಕೊಂಡು ನುಂಗುತ್ತದೆ. ಎರರ್‌ಗೆ ತನ್ನದೇ ದಾರಿ ಬೇಕಾದದ್ದು ಹೀಗೆ. ಆ ದಾರಿಯನ್ನು ನಂಬರಿನಿಂದ ಹಿಡಿದು ತಿರುಗಿಸುವ ಬರವಣಿಗೆ ಬಂದದ್ದು 1979ರ ಬೋರ್ನ್ ಶೆಲ್‌ನಲ್ಲಿ. ಇವತ್ತು ನಾವು ಬಳಸುವ ಬ್ಯಾಶ್ ಅದರ ಮೊಮ್ಮಗು ಇದ್ದ ಹಾಗೆ.

ಎರರ್ ಮಾತ್ರ ಬೇರೆ ಫೈಲಿಗೆ ಬೇಕಾದರೆ ಹೀಗೆ:

ಫೈಂಡ್ / -ನೇಮ್ ಟಿಪ್ಪಣಿ > ಸಿಕ್ಕಿದ್ದು 2> ಎರರ್‌ಗಳು

ಇಡೀ ಡಿಸ್ಕ್ ಹುಡುಕುವಾಗ ನಿಮಗೆ ಅನುಮತಿ ಇಲ್ಲದ ಡೈರೆಕ್ಟರಿಗಳ ಬಗ್ಗೆ ಫೈಂಡ್ ಸಾಲು ಸಾಲಾಗಿ ದೂರು ಹೇಳುತ್ತದೆ. ಅದೆಲ್ಲ ಎರರ್‌ಗಳು ಎಂಬ ಫೈಲಿಗೆ ಹೋಯಿತು, ಸಿಕ್ಕಿದ್ದು ಎಂಬ ಫೈಲಿನಲ್ಲಿ ಬೇಕಾದದ್ದು ಮಾತ್ರ ಉಳಿಯಿತು. ಆ ದೂರುಗಳೇ ಬೇಡ ಎಂದರೆ 2> /ಡೆವ್/ನಲ್. ಅದು ಏನು ಕೊಟ್ಟರೂ ನುಂಗಿ ಸುಮ್ಮನಿರುವ ಒಂದು ವಿಶೇಷ ಫೈಲ್. ಅಭ್ಯಾಸಬಲದಿಂದ ಎಲ್ಲ ಕಡೆ ಎರರ್ ಅಲ್ಲಿಗೆ ತಳ್ಳುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನ ಬೇಕಾಗುವ ಎರರ್ ಕೂಡ ಅಲ್ಲೇ ಹೋಗಿರುತ್ತದೆ.

ಒಂದು ಎಚ್ಚರ: 2 ಮತ್ತು > ನಡುವೆ ಜಾಗ ಬಿಡಬಾರದು. ಬಿಟ್ಟರೆ 2 ಎಂಬುದು ಕಮಾಂಡಿಗೆ ಕೊಟ್ಟ ಮಾತು ಆಗುತ್ತದೆ, ಬಾಣ ಮಾಮೂಲಿ ಬಾಣ ಆಗುತ್ತದೆ. ಇದರ ಉಲ್ಟಾ ಕೂಡ ಇದೆ. ಎಕೋ ಅಂದರೆ ಕೊಟ್ಟ ಪದಗಳನ್ನು ಹಾಗೇ ಬರೆಯುವ ಕಮಾಂಡ್. ಎಕೋ ಒಟ್ಟು 2> ಲೆಕ್ಕ ಎಂದು ಬರೆದರೆ, 2 ಎಂಬ ಅಂಕಿ ಫೈಲಿಗೆ ಹೋಗಲಿ ಎಂದು ನೀವು ಬಯಸಿದ್ದರೂ ಶೆಲ್ ಅದನ್ನು ಡಿಸ್ಕ್ರಿಪ್ಟರ್ ಎಂದೇ ಓದುತ್ತದೆ. ಲೆಕ್ಕ ಖಾಲಿ, ಒಟ್ಟು ಎಂಬ ಪದ ಪರದೆಯ ಮೇಲೆ.

ಎರರ್ ಅಲ್ಲದ್ದೂ 2ರಲ್ಲಿ ಬರಬಹುದು ಎಂಬುದು ನೆನಪಿರಲಿ. ಕರ್ಲ್‌ನ ಡೌನ್‌ಲೋಡ್ ಪ್ರಗತಿ 2ರಲ್ಲೇ ಬರುತ್ತದೆ. ವಿಡಿಯೊ ಪರಿವರ್ತಿಸುವ ಎಫ್ಎಫ್ಎಂಪೆಗ್ ತನ್ನ ಮಾಹಿತಿಯನ್ನೆಲ್ಲ ಅಲ್ಲೇ ಹೇಳುತ್ತದೆ. ಜಾವಾಗೆ ಒಂದೇ ಹೈಫನ್ ಹಾಕಿ ವರ್ಶನ್ ಕೇಳಿದರೆ ಉತ್ತರ ಬರುವುದೂ 2ರಲ್ಲಿ, ಹಾಗಾಗಿ ಅದನ್ನು > ಇಂದ ಹಿಡಿಯಲು ಹೋದವರಿಗೆ ಖಾಲಿ ಫೈಲ್ ಸಿಗುತ್ತದೆ. ಡೇಟಾ ಹೋಗಲು 1, ಮನುಷ್ಯರಿಗೆ ಹೇಳಬೇಕಾದ ಮಾತಿಗೆಲ್ಲ 2, ಎಂದು ತಿಳಿದರೆ ಇದು ಅರ್ಥವಾಗುತ್ತದೆ.

ಈಗ ಎಲ್ಲರೂ ಬಾಯಿಪಾಠ ಮಾಡುವ, ಕೆಲವೇ ಜನ ಬಿಡಿಸಿ ನೋಡುವ ಆ ಸಾಲು:

ಕಮಾಂಡ್ > ಲಾಗ್ 2>&1

ಔಟ್‌ಪುಟ್, ಎರರ್ ಎರಡೂ ಒಂದೇ ಫೈಲಿಗೆ ಹೋಗಲಿ ಎಂದು ಇದರ ಅರ್ಥ. ಆದರೆ ಎರಡೂ ಒಂದೇ ಕಡೆ ಹೋಗಬೇಕಾದರೆ > ಲಾಗ್ 2> ಲಾಗ್ ಎಂದು ಬರೆದರೆ ಆಗುವುದಿಲ್ಲವೇ? ಆಗುವುದಿಲ್ಲ. ಹಾಗೆ ಬರೆದರೆ ಶೆಲ್ ಒಂದೇ ಫೈಲನ್ನು ಎರಡು ಸಲ ಬೇರೆ ಬೇರೆಯಾಗಿ ತೆರೆಯುತ್ತದೆ. ತೆರೆದ ಪ್ರತಿ ಸಲವೂ ಎಲ್ಲಿಯವರೆಗೆ ಬರೆದಾಗಿದೆ ಎಂಬ ಗುರುತು ಬೇರೆ ಬೇರೆ ಇರುತ್ತದೆ. ಔಟ್‌ಪುಟ್ ಮೊದಲ ಬೈಟ್‌ನಿಂದ ಬರೆಯುತ್ತದೆ, ಎರರ್ ಕೂಡ ಮೊದಲ ಬೈಟ್‌ನಿಂದಲೇ ಬರೆಯುತ್ತದೆ, ಒಂದರ ಮೇಲೆ ಒಂದು ಬಿದ್ದು ಫೈಲ್ ಕಲಸುಮೇಲೋಗರ. ಇಬ್ಬರು ಒಂದೇ ಹಾಳೆಯ ಮೊದಲ ಸಾಲಿನಿಂದ ಒಟ್ಟಿಗೆ ಬರೆಯಲು ಕೂತ ಹಾಗೆ.

2>&1 ಮಾಡುವುದು ಬೇರೆ. ಅದು ಫೈಲನ್ನು ಮತ್ತೆ ತೆರೆಯುವುದಿಲ್ಲ. 1 ಈಗ ಎಲ್ಲಿಗೆ ಜೋಡಿಸಿಕೊಂಡಿದೆಯೋ ಅಲ್ಲಿಗೇ 2ನ್ನೂ ಜೋಡಿಸು ಎನ್ನುತ್ತದೆ. ಗುರುತು ಒಂದೇ, ಬರೆಯುವವರು ಇಬ್ಬರು, ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಮುಂದುವರಿಸುತ್ತಾರೆ. ಅಲ್ಲಿರುವ & ಚಿಹ್ನೆ ಹೇಳುವುದು ಮುಂದಿನ 1 ಫೈಲ್ ಹೆಸರಲ್ಲ, ಡಿಸ್ಕ್ರಿಪ್ಟರ್ ಎಂದು. & ಮರೆತು 2>1 ಎಂದು ಬರೆದರೆ 1 ಎಂಬ ಹೆಸರಿನ ಫೈಲ್ ಹುಟ್ಟುತ್ತದೆ. ನಿಮ್ಮ ಡೈರೆಕ್ಟರಿಯಲ್ಲಿ ಎಲ್ಲಿಂದ ಬಂತೋ ಗೊತ್ತಿಲ್ಲದ 1 ಎಂಬ ಫೈಲ್ ಇದ್ದರೆ, ಅದರ ಮೂಲ ಬಹುತೇಕ ಇದೇ.

ಮೇಲಿನ ಮಾತಿನಲ್ಲಿ 'ಈಗ' ಎಂಬ ಪದ ಬಹಳ ಮುಖ್ಯ. ಶೆಲ್ ಈ ಜೋಡಣೆಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಮಾಡುತ್ತದೆ. > ಲಾಗ್ 2>&1 ಎಂದಾಗ ಮೊದಲು 1 ಲಾಗ್‌ಗೆ ಹೋಯಿತು, ಆಮೇಲೆ 2 ಕೂಡ 1 ಇರುವ ಕಡೆ, ಅಂದರೆ ಲಾಗ್‌ಗೆ ಹೋಯಿತು. ತಿರುಗಿಸಿ 2>&1 > ಲಾಗ್ ಎಂದು ಬರೆದರೆ, ಮೊದಲು 2 ಹೋಗಿ 1 ಇರುವ ಕಡೆ ಸೇರಿತು. ಆ ಹೊತ್ತಿಗೆ 1 ಇನ್ನೂ ಪರದೆಯಲ್ಲೇ ಇದೆ. ಆಮೇಲೆ 1 ಒಂದೇ ಲಾಗ್‌ಗೆ ಹೋಯಿತು. 2 ಪರದೆಯಲ್ಲೇ ಉಳಿಯಿತು. 2ನ್ನು 1ಕ್ಕೆ ಕಟ್ಟಿಹಾಕಿದ್ದೇವೆ, 1 ಹೋದಲ್ಲಿಗೆ 2 ಕೂಡ ಹಿಂಬಾಲಿಸುತ್ತದೆ ಎಂದು ಅಂದುಕೊಳ್ಳುವುದರಿಂದ ಈ ತಪ್ಪಾಗುತ್ತದೆ. ಅದು ಕಟ್ಟಿಹಾಕಿದ್ದಲ್ಲ, ಆ ಕ್ಷಣದ ವಿಳಾಸ ನಕಲು ಮಾಡಿದ್ದು, ಅಷ್ಟೇ.

ಬ್ಯಾಶ್‌ನಲ್ಲಿ ಇದನ್ನೇ ಚಿಕ್ಕದಾಗಿ &> ಲಾಗ್ ಎಂದು ಬರೆಯಬಹುದು. ಟರ್ಮಿನಲ್‌ನಲ್ಲಿ ಕೈಯಾರೆ ಬರೆಯುವಾಗ ನಾನೂ ಹಾಗೇ ಬರೆಯುತ್ತೇನೆ. ಸ್ಕ್ರಿಪ್ಟ್‌ನಲ್ಲಿ, ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟು ಓಡಿಸುವ ಫೈಲಿನಲ್ಲಿ, ಮಾತ್ರ ಬೇಡ. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ ಸ್ಕ್ರಿಪ್ಟ್ ಓಡಿಸಲು ಬಳಸುವ ಎಸ್ಎಚ್ ಎಂಬ ಹೆಸರಿನ ಹಿಂದೆ ಇರುವುದು ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಚಿಕ್ಕ ಶೆಲ್. ಅದಕ್ಕೆ ಈ ಚಿಹ್ನೆ ಗೊತ್ತಿಲ್ಲ. ಅದು ಎರರ್ ಕೊಟ್ಟಿದ್ದರೆ ಒಳ್ಳೆಯದಿತ್ತು, ಆದರೆ ಹಾಗೆ ಮಾಡುವುದಿಲ್ಲ: & ಅನ್ನು ಬ್ಯಾಕ್‌ಗ್ರೌಂಡ್‌ಗೆ ಕಳಿಸು ಎಂದು ಓದಿ, > ಲಾಗ್ ಅನ್ನು ಬೇರೆಯೇ ಕೆಲಸ ಎಂದು ಓದಿ, ನಿಮ್ಮ ಕಮಾಂಡನ್ನು ಹಿಂದೆ ಓಡಲು ಬಿಟ್ಟು ಖಾಲಿ ಲಾಗ್ ಮಾಡಿ ಮುಂದೆ ಹೋಗುತ್ತದೆ.

ಪರದೆಯಲ್ಲೂ ಕಾಣಬೇಕು, ಫೈಲಿನಲ್ಲೂ ಉಳಿಯಬೇಕು ಎಂದರೆ ಟೀ ಎಂಬ ಕಮಾಂಡ್ ಇದೆ. ಕೊಳಾಯಿ ಜೋಡಿಸುವಾಗ ಒಂದನ್ನು ಎರಡಾಗಿ ಕವಲೊಡೆಸುವ ಟಿ ಆಕಾರದ ತುಂಡು ಇರುತ್ತದಲ್ಲ, ಆ ಹೆಸರು. ಟಿ, ಇ, ಇ ಎಂದು ಮೂರು ಅಕ್ಷರ ಟೈಪ್ ಮಾಡಬೇಕು.

ಮೇಕ್ 2>&1 | ಟೀ ಲಾಗ್

ಮೇಕ್ ಅಂದರೆ ಪ್ರೋಗ್ರಾಂ ಕಟ್ಟುವ ಕಮಾಂಡ್, | ಅಂದರೆ ಪೈಪ್. ಇಲ್ಲಿ 2>&1 ಮೊದಲು ಬಂತಲ್ಲ, ಕ್ರಮ ತಪ್ಪಲಿಲ್ಲವೇ ಎಂದು ಕೇಳಬಹುದು. ಪೈಪ್ ಜೋಡಣೆ ಎಲ್ಲಕ್ಕಿಂತ ಮೊದಲು ಆಗುತ್ತದೆ. ಹಾಗಾಗಿ 2>&1 ಓದುವ ಹೊತ್ತಿಗೆ 1 ಆಗಲೇ ಪೈಪ್‌ನಲ್ಲಿ ಇರುತ್ತದೆ. ಹಳೆಯ ಲಾಗ್‌ಗೆ ಸೇರಿಸಬೇಕಾದರೆ ಟೀ -ಎ. ಒಂದು ಮಾತು ತಿಳಿದಿರಲಿ: ಮೇಕ್ ಸೋತರೂ ಇಡೀ ಸಾಲಿನ ಫಲಿತಾಂಶ ಎಂದು ಶೆಲ್ ಹೇಳುವುದು ಕೊನೆಯ ಕಮಾಂಡ್‌ನದ್ದು, ಅಂದರೆ ಟೀಯದ್ದು, ಮತ್ತು ಟೀ ಸಾಮಾನ್ಯವಾಗಿ ಗೆಲ್ಲುತ್ತದೆ. ಸ್ಕ್ರಿಪ್ಟ್‌ನಲ್ಲಿ ಗೆಲುವು ಸೋಲು ನೋಡಿ ಮುಂದುವರಿಯುವಿರಾದರೆ ಬ್ಯಾಶ್‌ನಲ್ಲಿ ಮೊದಲೇ ಸೆಟ್ -ಓ ಪೈಪ್‌ಫೇಲ್ ಹಾಕಿ.

ಟೀ ಇನ್ನೊಂದು ಕಡೆಯೂ ಕೈಹಿಡಿಯುತ್ತದೆ. ಸಿಸ್ಟಂನ ಫೈಲೊಂದಕ್ಕೆ ಒಂದು ಸಾಲು ಸೇರಿಸಬೇಕು. ಅದಕ್ಕೆ ದೊಡ್ಡ ಹಕ್ಕು ಬೇಕು, ಕಮಾಂಡಿಗೆ ಅದನ್ನು ಕೊಡಿಸುವುದು ಸುಡೋ. ಸುಡೋ ಎಕೋ ಸಾಲು >> ಆ ಫೈಲ್ ಎಂದು ಕೊಟ್ಟರೆ ಅನುಮತಿ ಇಲ್ಲ ಎಂದು ಬರುತ್ತದೆ. ಸುಡೋ ಹಾಕಿದರೂ ಏಕೆ? ಫೈಲ್ ತೆರೆಯುವುದು ಶೆಲ್ ಅಂತ ಶುರುವಿನಲ್ಲೇ ಹೇಳಿದೆನಲ್ಲ. ನಿಮ್ಮ ಶೆಲ್ ನಿಮ್ಮ ಹೆಸರಿನಲ್ಲಿ ಓಡುತ್ತಿದೆ, ಅದಕ್ಕೆ ಆ ಫೈಲ್ ತೆರೆಯುವ ಹಕ್ಕಿಲ್ಲ. ಸುಡೋದಿಂದ ದೊಡ್ಡ ಹಕ್ಕು ಸಿಕ್ಕಿದ್ದು ಎಕೋಗೆ, ಅದಕ್ಕೆ ಆ ಹಕ್ಕಿನ ಅಗತ್ಯವೇ ಇರಲಿಲ್ಲ. ಎಕೋ ಸಾಲು | ಸುಡೋ ಟೀ -ಎ ಆ ಫೈಲ್ ಎಂದು ಬರೆದರೆ ಫೈಲ್ ತೆರೆಯುವುದು ಟೀ, ಹಕ್ಕಿರುವುದೂ ಟೀಗೆ, ಕೆಲಸ ಆಗುತ್ತದೆ. -ಎ ಮರೆಯಬೇಡಿ, ಮರೆತರೆ ಆ ಫೈಲಿನ ಹಳೆಯದೆಲ್ಲ ಹೋಗುತ್ತದೆ.

ಪ್ರೋಗ್ರಾಂಗೆ ಬಾಣ ಕಾಣುವುದಿಲ್ಲ ಎಂದೆ. ಅದು ನಿಜ. ಆದರೆ 1 ಟರ್ಮಿನಲ್‌ಗೆ ಜೋಡಿಸಿದೆಯೋ ಬೇರೆ ಕಡೆಗೋ ಎಂದು ಅದು ಸಿಸ್ಟಂ ಅನ್ನು ಕೇಳಿ ತಿಳಿಯಬಹುದು. ಬಹಳ ಪ್ರೋಗ್ರಾಂಗಳು ಕೇಳುತ್ತವೆ. ಎಲ್ಎಸ್ ಪರದೆಯಲ್ಲಿ ಕಾಲಂ ಕಾಲಂ ಆಗಿ ತೋರಿಸಿ, ಫೈಲಿಗೆ ಮಾತ್ರ ಸಾಲಿಗೊಂದು ಹೆಸರು ಬರೆಯುವುದು ಇದಕ್ಕೇ. ಬಣ್ಣಗಳು ಫೈಲಿನಲ್ಲಿ ಮಾಯವಾಗುವುದೂ ಇದಕ್ಕೇ.

ಇದರ ಇನ್ನೊಂದು ಪರಿಣಾಮ ಮಾತ್ರ ಕಣ್ಣಿಗೆ ಕಾಣದಂಥದ್ದು, ನನಗೆ ಒಂದು ಇಡೀ ರಾತ್ರಿಯ ಕೆಲಸ ಕಳೆದದ್ದೂ ಅದರಿಂದಲೇ. ಒಂದು ಪೈಥಾನ್ ಪ್ರೋಗ್ರಾಂ ರಾತ್ರಿ ಓಡಲು ಬಿಟ್ಟಿದ್ದೆ, ಔಟ್‌ಪುಟ್ ಲಾಗ್‌ಗೆ. ಬೆಳಿಗ್ಗೆ ನೋಡಿದರೆ ಲಾಗ್ ಖಾಲಿ. ಎಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ಕಿಲ್ ಕೊಟ್ಟು ನಿಲ್ಲಿಸಿದೆ. ಅದು ಸಿಕ್ಕಿಕೊಂಡಿರಲಿಲ್ಲ. ಚೆನ್ನಾಗಿ ಕೆಲಸ ಮಾಡುತ್ತಲೇ ಇತ್ತು, ಬರೆದದ್ದು ಮಾತ್ರ ಇನ್ನೂ ಮೆಮೊರಿಯಲ್ಲಿತ್ತು. ಕೊಂದ ಕೂಡಲೇ ಅದೂ ಹೋಯಿತು.

ಪ್ರತಿ ಸಾಲನ್ನೂ ಆಗಿಂದಾಗ್ಗೆ ಡಿಸ್ಕ್‌ಗೆ ಕಳಿಸುವುದು ನಿಧಾನದ ಕೆಲಸ. ಅದಕ್ಕೆ ಪ್ರೋಗ್ರಾಂಗಳು 1ಕ್ಕೆ ಬರೆಯುವುದನ್ನು ಮೊದಲು ಬಫರ್ ಎಂಬ ಜಾಗದಲ್ಲಿ ಕೂಡಿಡುತ್ತವೆ. 1 ಟರ್ಮಿನಲ್ ಆಗಿದ್ದರೆ ಸಾಲು ಮುಗಿದ ಕೂಡಲೇ ಖಾಲಿ ಮಾಡುತ್ತವೆ. ಫೈಲ್ ಅಥವಾ ಪೈಪ್ ಆಗಿದ್ದರೆ ಬಫರ್ ತುಂಬುವವರೆಗೆ, ಸಾಮಾನ್ಯವಾಗಿ 4096 ಬೈಟ್ ಅಥವಾ ಅದಕ್ಕೂ ಜಾಸ್ತಿ ಆಗುವವರೆಗೆ, ಕಾಯುತ್ತವೆ. ಗಂಟೆಗೆ ನಾಲ್ಕು ಸಾಲು ಬರೆಯುವ ಪ್ರೋಗ್ರಾಂಗೆ ಅಷ್ಟು ತುಂಬಲು ಎಷ್ಟು ಹೊತ್ತು ಬೇಕು ನೀವೇ ಲೆಕ್ಕ ಹಾಕಿ. 2ರ ವಿಷಯ ಹಾಗಲ್ಲ, ಎರರ್ ತಡವಾಗಬಾರದು ಎಂದು ಅದನ್ನು ಹೀಗೆ ಕೂಡಿಡುವುದಿಲ್ಲ. 2>&1 ಹಾಕಿದ ಲಾಗ್‌ನಲ್ಲಿ ಎರರ್ ಸಾಲುಗಳು ತಮಗಿಂತ ಮೊದಲು ನಡೆದ ಔಟ್‌ಪುಟ್‌ಗಿಂತ ಮೇಲೆ ಬಂದು ಕೂರುವುದು ಇದರಿಂದಲೇ. ಲಾಗ್‌ನ ಕ್ರಮವನ್ನೇ ಘಟನೆಯ ಕ್ರಮ ಎಂದು ನಂಬಿ ತಪ್ಪು ಜಾಗದಲ್ಲಿ ದೋಷ ಹುಡುಕಬೇಡಿ.

ಪೈಥಾನ್‌ಗೆ -ಯು ಕೊಟ್ಟರೆ ಬಫರ್ ಇಲ್ಲದೆ ಬರೆಯುತ್ತದೆ. ಗ್ರೆಪ್‌ಗೆ ಲೈನ್-ಬಫರ್ಡ್ ಎಂಬ ಆಯ್ಕೆ ಇದೆ. ಸಿ ಭಾಷೆಯಲ್ಲಿ ಬರೆದ ಬಹಳ ಪ್ರೋಗ್ರಾಂಗಳ ಹೆಸರಿಗೆ ಮೊದಲು ಎಸ್‌ಟಿಡಿಬಫ್ -ಓಎಲ್ (ಎಲ್ ಮಾತ್ರ ದೊಡ್ಡ ಅಕ್ಷರ) ಎಂದು ಸೇರಿಸಿದರೆ ಸಾಲು ಸಾಲಾಗಿ ಬರುತ್ತದೆ. ಆದರೆ ಅದು ಎಲ್ಲಕ್ಕೂ ನಡೆಯುವುದಿಲ್ಲ, ಪೈಥಾನ್‌ಗೆ ನಡೆಯುವುದಿಲ್ಲ.

ಪಾಸ್‌ವರ್ಡ್ ಕೇಳುವ ಸಾಲು ಯಾವ ಬಾಣಕ್ಕೂ ಸಿಗದೇ ಇರುವುದನ್ನು ನೋಡಿರಬಹುದು. ಅಂಥ ಪ್ರೋಗ್ರಾಂಗಳು 1, 2 ಎರಡನ್ನೂ ಬಿಟ್ಟು ಟರ್ಮಿನಲ್ ಅನ್ನು ತಾವೇ ನೇರವಾಗಿ ತೆರೆದು ಬರೆಯುತ್ತವೆ. ಅದನ್ನೂ ಸೇರಿಸಿ ಪರದೆಯಲ್ಲಿ ಕಂಡದ್ದೆಲ್ಲ ಬೇಕು ಎಂದರೆ ಸ್ಕ್ರಿಪ್ಟ್ ಎಂಬ ಹೆಸರಿನ ಕಮಾಂಡ್ ಇದೆ. ಅದನ್ನು ಓಡಿಸಿ, ನಿಮ್ಮ ಕೆಲಸ ಮಾಡಿ, ಎಕ್ಸಿಟ್ ಎಂದು ಹೊರಗೆ ಬಂದರೆ ನಡುವೆ ನಡೆದದ್ದೆಲ್ಲ ಒಂದು ಫೈಲಿನಲ್ಲಿ ಇರುತ್ತದೆ. ಬಣ್ಣದ ಕೋಡ್‌ಗಳೂ ಅದರಲ್ಲಿ ಸೇರಿರುತ್ತವೆ, ಲೆಸ್ -ಆರ್ ಎಂದು ತೆರೆದರೆ ಓದಲು ಆಗುತ್ತದೆ. ಈ ಆರ್ ಮಾತ್ರ ದೊಡ್ಡ ಅಕ್ಷರ.

ವಿಂಡೋಸ್‌ನವರಿಗೂ ಎರಡು ಮಾತು. ಅಲ್ಲಿನ ಕಮಾಂಡ್ ಪ್ರಾಂಪ್ಟ್‌ನಲ್ಲೂ >, >>, 2>&1 ಇವೆಲ್ಲ ನಡೆಯುತ್ತವೆ, /ಡೆವ್/ನಲ್ ಬದಲು ಬರೀ ನಲ್, ಅದರಲ್ಲಿ ಎಲ್ ಒಂದೇ. ವಿಂಡೋಸ್‌ನ ಇನ್ನೊಂದು ಶೆಲ್ ಆದ ಪವರ್‌ಶೆಲ್‌ನ 5.1ರಲ್ಲಿ > ಬರೆಯುವ ಫೈಲ್ ಯುಟಿಎಫ್-16ರಲ್ಲಿ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಬೇರೊಂದು ವಿಧಾನದಲ್ಲಿ, ಇರುತ್ತದೆ. ಬೇರೆ ಪ್ರೋಗ್ರಾಂಗಳು ಅದನ್ನು ಓದಲಾರದೆ ತಡವರಿಸಿದರೆ ಕಾರಣ ಅದು. ಪವರ್‌ಶೆಲ್ 6ರಿಂದ ಅದು ಯುಟಿಎಫ್-8 ಆಗಿದೆ.

ಇನ್ನು ದಿನಗಟ್ಟಲೆ ಓಡುವ ಕೆಲಸಗಳು. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಕ್ರಾನ್‌ನಲ್ಲಿ ಇಟ್ಟ ಕೆಲಸಕ್ಕೆ >> ಲಾಗ್ 2>&1 ಹಾಕದೇ ಇದ್ದರೆ ಅದು ಏನು ಹೇಳಿತು ಎಂದು ನಿಮಗೆ ತಿಳಿಯುವುದು ಕಷ್ಟ. ಕ್ರಾನ್ ಅದನ್ನು ಮೇಲ್ ಮಾಡಲು ನೋಡುತ್ತದೆ, ಮೇಲ್ ಸರಿಯಾಗಿ ಹೊಂದಿಸದ ಯಂತ್ರದಲ್ಲಿ ಆ ಮೇಲ್ ನಿಮ್ಮ ಕೈಸೇರುವುದಿಲ್ಲ. ಲಾಗ್ ಹೆಸರಿನಲ್ಲಿ ದಿನಾಂಕ ಬೇಕೆಂದು $(ಡೇಟ್ +%ಎಫ್) ಹಾಕುತ್ತೇವೆ, ಅದರಲ್ಲಿ ಎಫ್ ದೊಡ್ಡ ಅಕ್ಷರ. ಟರ್ಮಿನಲ್‌ನಲ್ಲಿ ಅದು ಸರಿಯಾಗಿ ನಡೆಯುತ್ತದೆ, ಕ್ರಾನ್‌ನಲ್ಲಿ ನಡೆಯುವುದಿಲ್ಲ. ಕ್ರಾನ್ ಪಟ್ಟಿಯಲ್ಲಿ % ಅಂದರೆ ಹೊಸ ಸಾಲು ಎಂದರ್ಥ, ಅದರ ಹಿಂದೆ \ ಹಾಕಬೇಕು.

ಹೀಗೆ ಓಡುತ್ತಿರುವ ಪ್ರೋಗ್ರಾಂನ ಲಾಗ್ ಬೆಳೆದು ಬೆಳೆದು ಡಿಸ್ಕ್ ತುಂಬಿತು ಎಂದುಕೊಳ್ಳಿ. ಗಾಬರಿಯಲ್ಲಿ ಲಾಗ್ ಅಳಿಸುತ್ತೀರಿ. ಡಿಸ್ಕ್‌ನಲ್ಲಿ ಒಂದು ಬೈಟ್ ಕೂಡ ಖಾಲಿಯಾಗುವುದಿಲ್ಲ. ಅಳಿಸಿದ್ದು ಡೈರೆಕ್ಟರಿಯಲ್ಲಿದ್ದ ಹೆಸರನ್ನು ಮಾತ್ರ. ಪ್ರೋಗ್ರಾಂ ಕೈಯಲ್ಲಿ ಇರುವುದು ಹೆಸರಲ್ಲ, ತೆರೆದ ಫೈಲು, ಅದರ 1ನೇ ನಂಬರು. ಅದು ಮುಚ್ಚುವವರೆಗೆ ಫೈಲ್ ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ, ಬೆಳೆಯುತ್ತಲೂ ಇರುತ್ತದೆ, ಈಗ ನಿಮಗೆ ಕಾಣುವುದೂ ಇಲ್ಲ. ಅಳಿಸುವ ಬದಲು ಖಾಲಿ ಮಾಡಬೇಕು:

: > ಲಾಗ್

ಕೋಲನ್ ಅಂದರೆ ಏನೂ ಮಾಡದ ಕಮಾಂಡ್. ಅದು ಏನೂ ಮಾಡುವುದಿಲ್ಲ, ಆದರೆ ಅದಕ್ಕೂ ಮೊದಲು ಶೆಲ್ ಲಾಗ್ ತೆರೆದು ಸೊನ್ನೆಗೆ ಇಳಿಸಿರುತ್ತದೆ. ನನ್ನ ಹೆಸರುಗಳ ಫೈಲನ್ನು ನುಂಗಿದ ಆ ಗುಣವೇ ಇಲ್ಲಿ ಜಾಗ ಬಿಡಿಸಿಕೊಡುತ್ತದೆ.

ಇದು ಸರಿಯಾಗಿ ಕೆಲಸ ಮಾಡಬೇಕಾದರೆ ಆ ಪ್ರೋಗ್ರಾಂ ಅನ್ನು ಶುರು ಮಾಡುವಾಗಲೇ >> ಹಾಕಿರಬೇಕು. >> ಇಂದ ತೆರೆದ ಫೈಲಿಗೆ ಪ್ರತಿ ಸಲವೂ ಆ ಹೊತ್ತಿನ ಕೊನೆಯಲ್ಲೇ ಬರೆಯಲಾಗುತ್ತದೆ, ಹಾಗಾಗಿ ಖಾಲಿ ಮಾಡಿದ ಮೇಲೆ ಮೊದಲಿನಿಂದ ಶುರುವಾಗುತ್ತದೆ. ಒಂದೇ ಬಾಣದಿಂದ ತೆರೆದಿದ್ದರೆ ಪ್ರೋಗ್ರಾಂ ತನ್ನ ಹಳೆಯ ಗುರುತಿನಿಂದಲೇ ಮುಂದುವರಿಸುತ್ತದೆ. 10 ಜಿಬಿ ಬರೆದಾಗಿದ್ದರೆ ಮುಂದಿನ ಸಾಲು 10 ಜಿಬಿಯ ಆಚೆ ಬೀಳುತ್ತದೆ, ಅದರ ಹಿಂದೆಲ್ಲ ಬರೀ ಸೊನ್ನೆ ಬೈಟ್‌ಗಳು. ಸಾಮಾನ್ಯವಾಗಿ ಆ ಸೊನ್ನೆಗಳು ಡಿಸ್ಕ್‌ನಲ್ಲಿ ಜಾಗ ತಿನ್ನುವುದಿಲ್ಲ, ಆದರೆ ಎಲ್ಎಸ್ -ಎಲ್ ಮಾತ್ರ ಫೈಲ್ ಮತ್ತೆ 10 ಜಿಬಿ ಇದೆ ಎಂದೇ ತೋರಿಸುತ್ತದೆ.